ಪ್ಯಾಕೆಟ್ಟಿನ ಮೇಲಿನ ಹೆಸರು

ಏನೋ ಮರೆತವಳ ಹಾಗೆ ಕಾಣುವ ಬಟ್ಟೆ ಯಾವುದೆಂದು ಅತ್ತೆ ಬೀರುವಿನ ಮುಂದೆ ನಿಂತು ಹುಡುಕುತ್ತಿದ್ದರು. ನೀಲಿ ಬೇಡ, ಅದರಲ್ಲಿ ನೀನು ಎಲ್ಲ ತಿಳಿದವಳ ಹಾಗೆ ಕಾಣ್ತೀಯ. ಹಸಿರೂ ಬೇಡ, ಹೊಸದು, ಹೊಸ ಬಟ್ಟೆ ಹಾಕ್ಕೊಂಡು ಹೋಗಿ ತಪ್ಪಾಯ್ತು ಅಂದ್ರೆ ಯಾರು ನಂಬ್ತಾರೆ. ಕೊನೆಗೆ, ಒಗೆದು ಒಗೆದು ಬಣ್ಣ ಬಿಟ್ಟಿದ್ದ ಬೂದಿ ಬಣ್ಣದ್ದೊಂದನ್ನು ಎಳೆದು ಹಾಸಿಗೆಯ ಮೇಲೆ ಹಾಕಿ, "ಇದು ಸರಿ. ಕೂದಲೂ ಅಷ್ಟೊಂದು ಬಿಗಿ ಬೇಡ, ಸ್ವಲ್ಪ ಕೆದರಿರಲಿ," ಅಂದರು. ಅವಳು ಹಾಕಿಕೊಂಡಳು. ಕನ್ನಡಿಯಲ್ಲಿ ನಿಂತವಳು ಒಲೆಯ ಮೇಲೆ ಹಾಲಿಟ್ಟು ಮರೆತು ಬಂದವಳ ಹಾಗೇ ಇದ್ದಳು. ಅತ್ತೆಯ ಕಣ್ಣು ಎಷ್ಟು ಚುರುಕೆಂದು ಮೈ ಉರಿಯಿತು. ಈ ಮನೆಗೆ ಬಂದ ಮೇಲೆ ಅವಳ ಬಟ್ಟೆಯ ಬಗ್ಗೆ ಒಬ್ಬರು ಇಷ್ಟು ತಲೆ ಕೆಡಿಸಿಕೊಂಡದ್ದು ಇದೇ ಮೊದಲು. "ಏನು ಹಾಗೆ ನೋಡ್ತೀಯ? ಒಂದು ಗಳಿಗೆ ಕೆಲಸ. ಹೋಗು, ಮರೆತೆ ಅನ್ನು, ಬಾ. ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀಯ," ಅಂದರು ಅತ್ತೆ, ಕೊತ್ತಂಬರಿ ತರಲು ಕಳಿಸುತ್ತಿರುವ ಹಾಗೆ.

ಕೆಳಗೆ ನಡುಮನೆಯಲ್ಲಿ ಮಾವನೂ ವಕೀಲರೂ ಕೂತಿದ್ದರು. ಕಿಟಕಿಯ ಹತ್ತಿರ ಗಂಡ ನಿಂತು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಬಾಮ್ಮ ಟೆಕ್ನಿಕಲ್, ಕೂತ್ಕೊ," ಅಂದರು ಮಾವ. ಮನೆಯಲ್ಲಿ ಅವಳಿಗೆ ಅದೇ ಹೆಸರು. ಹೊರದೇಶದಿಂದ ಮೆಕ್ಕೆಜೋಳದ ಫ್ಲೇಕ್ಸು, ಓಟ್ಸು, ಗೋಧಿಯ ಪಾಸ್ತಾ ಇಂಥವನ್ನು ಪ್ಯಾಕೆಟ್ಟಿನಲ್ಲಿ ತರಿಸಿ ಮಾರುವವರು ಆಹಾರದ ವಿದ್ಯೆ ಓದಿದ ಒಬ್ಬರನ್ನು ಇಟ್ಟುಕೊಳ್ಳಲೇಬೇಕು, ಅವರ ಹೆಸರನ್ನು ಓದಿನ ಸಮೇತ ಪ್ರತಿ ಪ್ಯಾಕೆಟ್ಟಿನ ಮೇಲೂ 'ಹೊಣೆಗಾರರು' ಎಂದು ಹಾಕಲೇಬೇಕು ಅನ್ನುವುದು ಕಾನೂನು. ಮಾವ ಬಹಳ ವರ್ಷ ಒಬ್ಬ ನಿವೃತ್ತ ಮೇಷ್ಟರ ಹೆಸರನ್ನು ಬಾಡಿಗೆಗೆ ಹಿಡಿದಿದ್ದರು. ಮೇಷ್ಟರು ತೀರಿಕೊಂಡ ವರ್ಷವೇ ಮಗನಿಗೆ ಹೆಣ್ಣು ಹುಡುಕುವುದಕ್ಕೆ ಶುರುಮಾಡಿದರು. ಅವಳ ಅಪ್ಪನ ಹತ್ತಿರ ಅವರು ಮೊದಲು ಕೇಳಿದ್ದು ಫೋಟೋ ಅಲ್ಲ, ಅಂಕಪಟ್ಟಿ. ಓದಿದ ಹುಡುಗಿಗೆ ಎಷ್ಟು ಬೆಲೆ ಕೊಡ್ತಾರೆ ನೋಡು ಎಂದು ಅಪ್ಪ ಹಿಗ್ಗಿದ್ದ. ಅವಳು ಅಪ್ಪನಿಗಿಂತ ಹೆಚ್ಚು ಹಿಗ್ಗಿದ್ದಳು. ಹಾಸ್ಟೆಲಿನ ಗೆಳತಿಯರಿಗೆಲ್ಲ, ನನಗೆ ಗಂಡನ ಜೊತೆ ಕೆಲಸವೂ ಸಿಕ್ಕಿತು ಎಂದು ಹೇಳಿಕೊಂಡು ತಿರುಗಿದ್ದಳು. ಮದುವೆಯ ಊಟದಲ್ಲಿ ಮಾವ ಪಂಕ್ತಿಯ ನಡುವೆ ನಿಂತು, "ಸೊಸೆನೂ ಬಂದ್ಲು, ಲೈಸೆನ್ಸೂ ಬಂತು!" ಅಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗು ನೆನಪಾದಾಗಲೆಲ್ಲ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವಳ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಆಫೀಸಿನ ಗೋಡೆ ಸೇರಿತು. ಅವಳು ಅಡುಗೆಮನೆ ಸೇರಿದಳು. ಸಹಿ ಹಾಕಬೇಕಾದ ಕಾಗದಗಳು ಗೋಡೌನಿನ ಡ್ರೈವರನ ಕೈಯಲ್ಲಿ ತರಕಾರಿ ಚೀಲದ ಜೊತೆ ಬರುತ್ತಿದ್ದವು. ಚೀಲ ಒದ್ದೆಯಾಗಿದ್ದರೆ ಕಾಗದವೂ ಒದ್ದೆ. ಬೇಳೆ ಬೇಯುವಷ್ಟರಲ್ಲಿ ಅವಳು ಸಹಿ ಹಾಕಿ ಕೊಡುತ್ತಿದ್ದಳು. ಒಮ್ಮೆ, ಸರಕನ್ನು ಕಣ್ಣಲ್ಲಿ ನೋಡದೆ ಹೇಗೆ ಸಹಿ ಹಾಕಲಿ, ಗೋಡೌನಿಗೆ ತೇವ ಏರುತ್ತದೋ ಏನೋ, ಒಂದು ದಿನ ಬಂದು ನೋಡುತ್ತೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದ್ದಳು. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, "ನೋಡ್ರಪ್ಪ, ನಮ್ಮ ಟೆಕ್ನಿಕಲ್‌ಗೆ ಗೋಡೌನಿನ ತೇವದ ಚಿಂತೆ. ಮೊದಲು ಈ ಪಲ್ಯದ ತೇವ ನೋಡಮ್ಮ, ನೀರು ನೀರಾಗಿದೆ," ಅಂದರು. ಪಲ್ಯ ನಿಜವಾಗಿಯೂ ನೀರಾಗಿತ್ತು. ಅವಮಾನ ಆ ಕಾರಣಕ್ಕೇ ಇನ್ನೂ ಆಳಕ್ಕೆ ಇಳಿಯಿತು.

"ಇನ್ನೊಂದು ಸಲ ಅಭ್ಯಾಸ ಮಾಡೋಣ," ಅಂದರು ವಕೀಲರು. ದಪ್ಪ ಕನ್ನಡಕದ, ಸಣ್ಣ ದನಿಯ ಮನುಷ್ಯ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಬೀಳುವ ಮೊದಲು ಬಾಯಿಗೆ ಹಾಕಿಕೊಳ್ಳುವುದರಲ್ಲಿ ನಿಸ್ಸೀಮ. "ಈಗ ನಾನೇ ಆಹಾರ ಇಲಾಖೆಯ ಅಧಿಕಾರಿ. ಈ ಫ್ಲೇಕ್ಸಿನ ಕಂಪನಿಯವರು ಹೊಸ ಸರಕಿನಲ್ಲಿ ಬಾರ್ಲಿ ಸೇರಿಸಿದ್ದರು. ಗೋಧಿ, ಬಾರ್ಲಿ ಆಗದವರು ತಿನ್ನಬಾರದು ಅಂತ ಪ್ಯಾಕೆಟ್ಟಿನ ಹಿಂದೆ ಚೌಕ ಹಾಕಿ ಎಚ್ಚರಿಕೆ ಕೊಟ್ಟಿದ್ದರು. ನೀವು ಆ ಚೌಕದ ಮೇಲೆಯೇ ನಿಮ್ಮ ಹಳೆಯ ಸ್ಟಿಕ್ಕರ್ ಅಂಟಿಸಿದ್ದೀರಿ. ಅದರಲ್ಲಿ ಬರೀ ಅಕ್ಕಿ, ಜೋಳ ಅಂತಿದೆ. ಯಾಕೆ?"

"ಗಮನಕ್ಕೆ ಬರಲಿಲ್ಲ."

"ಬರೀ ಗಮನಕ್ಕೆ ಬರಲಿಲ್ಲ ಅಲ್ಲ. ಮರೆತೆ. ನೋಡಬೇಕಾಗಿತ್ತು, ನೋಡೋದು ಮರೆತೆ. ಇದು ಸಲೀಸು. ಮರೆವಿಗೆ ದಂಡ, ಮುಂದೆ ಹೀಗಾಗದ ಹಾಗೆ ನೋಡ್ಕೊಳ್ಳಿ ಅನ್ನೋ ಬುದ್ಧಿಮಾತು, ಅಷ್ಟೇ. ಗೋಡೌನಲ್ಲಿ ಉಳಿದಿರೋದಕ್ಕೆ ಹೊಸ ಸ್ಟಿಕ್ಕರ್ ಹಚ್ಚಿದ್ರೆ ಮುಗೀತು. ಆದ್ರೆ 'ಗೊತ್ತಿತ್ತು' ಅನ್ನೋ ಮಾತು ಮಾತ್ರ ಬಾಯಿಂದ ಬೀಳಬಾರದು. ಬಿತ್ತೋ, ಲೈಸೆನ್ಸು ಅಮಾನತು. ಅಂಗಡಿ ಅಂಗಡಿಯಿಂದ ಎಲ್ಲ ವಾಪಸ್ಸು ತರಿಸ್ಬೇಕು. ನಿಮ್ಮ ಹೆಸರು ಹೊಣೆಗಾರರ ಪಟ್ಟಿಯಿಂದ ಹೊರಕ್ಕೆ. ಆಮೇಲೆ ಆ ಸರ್ಟಿಫಿಕೇಟು ಗೋಡೆಗೂ ಬೇಡ, ಒಲೆಗೂ ಬೇಡ."

"ಅಂಗಡಿಯಲ್ಲಿರೋದು?" ಅಂದಳು ಅವಳು. "ಈಗಲೂ ಅಂಗಡಿಗಳಲ್ಲಿ ಇದೆಯಲ್ಲ, ಅದು?"

ಮಾವ ನಕ್ಕರು. ಅವರ ನಗು ದೊಡ್ಡದು, ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಾರೆ. "ಮಾರಿದ್ದು ಮಾರಿ ಆಯ್ತಮ್ಮ. ಸಾವಿರ ಜನ ತಿಂತಾರೆ, ಒಬ್ಬನಿಗೆ ಹೊಟ್ಟೆ ಕೆಡ್ತು. ಮಳೆ ಬಂದ್ರೆ ಒಬ್ಬನಿಗೆ ನೆಗಡಿ ಆಗತ್ತೆ, ಅಂತ ಮೋಡಕ್ಕೆ ದಂಡ ಹಾಕ್ತಾರಾ?"

"ಇರಲಿ, ಇರಲಿ," ಅಂದರು ವಕೀಲರು. "ಮುಖ್ಯ ವಿಷಯಕ್ಕೆ ಬರೋಣ. ಓದಿದೋರು, ಹೇಗ್ರೀ ಮರೆತ್ರಿ ಅಂತ ಅವರು ಕೇಳೇ ಕೇಳ್ತಾರೆ. ಆಗ ನೀವು ಸುಮ್ನೆ ತಲೆ ತಗ್ಗಿಸಿ. ನಾನು ಹೇಳ್ತೀನಿ. ಆ ಸಮಯದಲ್ಲಿ ನಿಮಗೆ ಮೈ ಸರಿ ಇರಲಿಲ್ಲ, ಹೊಟ್ಟೇಲಿದ್ದ ಕೂಸು ಹೋಗಿತ್ತು, ಮನಸ್ಸು ನೆಟ್ಟಗಿರಲಿಲ್ಲ ಅಂತ."

ಅವಳ ಹಿಂದೆಯೇ ಇಳಿದುಬಂದಿದ್ದ ಅತ್ತೆ ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿದರು, ತೀಡಿದ ಸುಕ್ಕನ್ನೇ ಮತ್ತೆ ತೀಡಿದರು. ಗಂಡನ ಬೆರಳಲ್ಲಿ ಕೀಲಿ ನಿಂತಿತು. ವಕೀಲರಿಗೆ ಹೇಳಿದ್ದು ಇವರಿಬ್ಬರಲ್ಲಿ ಯಾರೆಂದು ಅವಳು ನೋಡಿದಳು. ಇಬ್ಬರೂ ಹೌದು ಅನ್ನಿಸಿತು. ಕೂಸು ಹೋದದ್ದು ಹೌದು. ಆದರೆ ಅದು ಹೋದದ್ದು ಹೋದ ವರ್ಷ, ಸರಕು ಬಂದದ್ದು ಈ ವರ್ಷ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತೆ ಬಾಗಿಲು ಹಾಕಿ, ಮನೆ ವಿಷಯ ಹೊಸಿಲು ದಾಟಬಾರದು, ನಿಮ್ಮಮ್ಮನಿಗೂ ಹೇಳ್ಬೇಡ, ಮೆಟ್ಟಿಲಲ್ಲಿ ಜಾರಿದೆ ಅನ್ನು ಅಂದಿದ್ದರು. ಅಮ್ಮ ಫೋನಿನಲ್ಲಿ ಯಾವ ಕಾಲಿಗೆ ಪೆಟ್ಟಾಯಿತು ಎಂದು ಕೇಳಿದಾಗ ಎಡಗಾಲು ಅಂದಿದ್ದಳು, ಮರುವಾರ ಬಲಗಾಲು ಅಂದಿದ್ದಳು, ಅಮ್ಮನಿಗೆ ಅಲ್ಲೇ ತಿಳಿದುಹೋಗಿ ಆಮೇಲೆ ಕಾಲಿನ ಮಾತೇ ಎತ್ತಲಿಲ್ಲ. ಹಾಲು ಕಟ್ಟಿ ಎದೆ ನೋಯುತ್ತಿದ್ದಾಗ ಮೂರನೆಯವರೆದುರು ನರಳುವುದೂ ತಪ್ಪಾಗಿತ್ತು. ಅಷ್ಟು ಭದ್ರವಾಗಿ ಹೊಸಿಲೊಳಗೆ ಇಟ್ಟಿದ್ದನ್ನು ಈಗ ಬಿಸ್ಕತ್ತಿನ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟಿದ್ದಾರೆ. "ಅದು ಹೋದ ವರ್ಷ," ಅಂದಳು. "ತಾರೀಖು ಯಾರು ನೋಡ್ತಾರಮ್ಮ," ಅಂದರು ವಕೀಲರು, ಮೃದುವಾಗಿ. "ಹೆಂಗಸರ ಕಷ್ಟ ಅಂದ ತಕ್ಷಣ ಗಂಡಸು ಮುಂದಿನ ಪ್ರಶ್ನೆ ಕೇಳಲ್ಲ. ಅಧಿಕಾರಿ ಗಂಡಸು. ನಮ್ಮ ಪುಣ್ಯ."

ಕಾರಿನಲ್ಲಿ ಅವಳು ಹಿಂದೆ, ವಕೀಲರ ಪಕ್ಕ. ಮುಂದೆ ಮಾವನೂ ಗಂಡನೂ. ಮಾವನ ಕುತ್ತಿಗೆಯ ಹಿಂದೆ ಕ್ಷೌರದವನು ಬಿಟ್ಟುಹೋದ ನಾಲ್ಕು ಬಿಳಿ ಕೂದಲು. ಅವನ್ನು ಕಿತ್ತುಬಿಡಬೇಕು ಅನ್ನಿಸಿತು. ಅಂಗಡಿಗಳ ಬಾಗಿಲು ತೆರೆಯುತ್ತಿದ್ದ ಹೊತ್ತು. ಒಬ್ಬ ಹೆಂಗಸು ಅಂಗಡಿಯ ಮುಂದಿನ ನೆಲ ತೊಳೆದು ಕೊಳಕು ನೀರನ್ನು ರಸ್ತೆಗೆ ತಳ್ಳಿದಳು, ಕಾರಿನ ಚಕ್ರ ಅದರ ಮೇಲೆ ಹಾದುಹೋಯಿತು. ಆ ಅಂಗಡಿಯ ಗಾಜಿನಾಚೆ ಆ ಫ್ಲೇಕ್ಸಿನ ಹಳದಿ ಪ್ಯಾಕೆಟ್ಟುಗಳ ಸಾಲು ಇತ್ತೋ, ಇದೆ ಅನ್ನಿಸಿತೋ. ಎಲ್ಲ ಅಂಗಡಿಯಲ್ಲೂ ಅವಳಿಗೆ ಹಳದಿಯೇ ಕಾಣುತ್ತಿತ್ತು. ಮರೆತೆ. ಎಷ್ಟು ಚಿಕ್ಕ ಮಾತು, ಬಾಯಲ್ಲಿ ಉಗುಳಿನಷ್ಟೂ ಭಾರವಿಲ್ಲ. ನಿಜವಾಗಿ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು. ಹೊಸ ಸರಕು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು, ಚಹಾಕ್ಕೆ ನೀರಿಟ್ಟು ಕುದಿಯಲೆಂದು ಕಾಯುತ್ತಿದ್ದಳು. ಮೇಜಿನ ಮೇಲೆ ಗೋಡೌನಿನಿಂದ ಬಂದ ಹಳದಿ ಪ್ಯಾಕೆಟ್ಟು. ಕೈಗೆ ಕೆಲಸವಿಲ್ಲದಾಗ ಏನನ್ನಾದರೂ ಕೆರೆಯುವುದು ಅವಳ ಚಟ. ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದಳು, ಎಳೆದಳು, ಅದು ತೆಳ್ಳಗೆ ಸದ್ದು ಮಾಡಿಕೊಂಡು ಮೇಲೆದ್ದಿತು. ಕೆಳಗೆ ಕಪ್ಪು ಚೌಕ. ಬಾರ್ಲಿ ಇದೆ, ಗೋಧಿಯ ಅಂಶ ಇದೆ. ಪರದೇಶದ ಭಾಷೆ, ಆದರೆ ಆ ಎರಡು ಶಬ್ದ ಓದಲು ಬಾರದವಳೇನಲ್ಲ ಅವಳು. ಅದನ್ನೇ ಓದಿ ಪಾಸಾದವಳು. ಹಿಂದಿನ ಸರಕಿಗೆಂದು ಅಚ್ಚು ಹಾಕಿಸಿದ ಸ್ಟಿಕ್ಕರ್ ಸುರುಳಿ ರಾಶಿ ಉಳಿದಿತ್ತು, ಅದನ್ನೇ ಮುಗಿಸಿ ಎಂದು ಮಾವ ಹೇಳಿರುತ್ತಾರೆ. ಅವರ ಮನೆಯಲ್ಲಿ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಾರೆ. ಗೋಡೌನಿನ ಹೆಂಗಸರು ಯಾವ ಪ್ಯಾಕೆಟ್ಟಾದರೂ ಬಲಗಡೆಯ ಕೆಳಗಿನ ಮೂಲೆಗೇ ಅಂಟಿಸುತ್ತಾರೆ, ಹಳೆಯ ಪ್ಯಾಕೆಟ್ಟಿನಲ್ಲಿ ಅಲ್ಲಿ ಖಾಲಿ ಜಾಗವಿತ್ತು, ಕೈಗೆ ಅದೇ ರೂಢಿ. ಇದೆಲ್ಲ ಅವಳಿಗೆ ಆ ಕ್ಷಣದಲ್ಲಿ ಒಟ್ಟಿಗೇ ಹೊಳೆಯಿತು. ನೀರು ಕುದಿಯಿತು. ಅವಳು ಸ್ಟಿಕ್ಕರನ್ನು ಹಾಗೇ ಮತ್ತೆ ಅದರ ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

ಒತ್ತಿದ್ದು ಯಾಕೆ? ಈ ಪ್ರಶ್ನೆಯನ್ನು ಅವಳು ಎಷ್ಟು ದಿಕ್ಕಿನಿಂದ ತಿರುಗಿಸಿದರೂ ಅದು ತನ್ನ ಹೆಬ್ಬೆರಳಿಗೇ ಬಂದು ನಿಲ್ಲುತ್ತದೆ. ಹೇಳಲಿಲ್ಲವೆಂದಲ್ಲ. ಆ ಸಂಜೆ ಗಂಡ ಬಂದು ಶೂ ಬಿಚ್ಚುತ್ತಿದ್ದಾಗ, ಹಳದಿ ಪ್ಯಾಕೆಟ್ಟಿನ ಸ್ಟಿಕ್ಕರ್ ತಪ್ಪಿದೆ ಕಣೋ, ಅದರಲ್ಲಿ ಬಾರ್ಲಿ ಇದೆ ಅಂದಿದ್ದಳು. ಇಬ್ಬರೇ ಇದ್ದಾಗ ಅವನು ಅವಳ ಬಾಯಲ್ಲಿ 'ನೀನು', ಅಪ್ಪ ಅಮ್ಮನ ಎದುರು 'ನೀವು'. ಅವನು ಲೇಸು ಎಳೆಯುತ್ತ, "ಅಪ್ಪಂಗೆ ಹೇಳ್ತೀನಿ," ಅಂದ. ಅವಳು ಮತ್ತೆ ಕೇಳಲಿಲ್ಲ. ಒಂದು ಸಲ, ತಗ್ಗಿದ ದನಿಯಲ್ಲಿ, ಶೂ ಬಿಚ್ಚುವವನ ನೆತ್ತಿಗೆ ಹೇಳಿ ತನ್ನ ಕರ್ತವ್ಯ ತೀರಿತು ಅಂದುಕೊಂಡಳು. ಇದಕ್ಕಿಂತ ಕೊಳಕಾದದ್ದು ಇನ್ನೊಂದಿತ್ತು. ಆಗಲಿ, ಒಮ್ಮೆ ಆಗಲಿ, ಯಾರಾದರೂ ಕೇಸು ಹಾಕಲಿ, ಪಲ್ಯದ ತೇವ ನೋಡು ಅಂದವರಿಗೆ ಗೊತ್ತಾಗಲಿ ಎಂದು ಒಳಗೊಬ್ಬಳು ಕೈ ಉಜ್ಜಿಕೊಂಡಿದ್ದಳು. ಆಗುವುದು ಯಾರಿಗೆ ಎಂದು ಆ ಒಳಗಿನವಳು ಯೋಚಿಸಿರಲಿಲ್ಲ. ಆಗುವುದೆಂದರೆ ಮಾವನಿಗೇ ಆಗುತ್ತದೆ ಅಂದುಕೊಂಡಿದ್ದಳು, ಬಾಣ ಬಿಟ್ಟವನಿಗೇ ತಿರುಗಿ ಬಡಿಯುವುದೇ ಲೋಕದ ನಿಯಮ ಅನ್ನುವ ಹಾಗೆ.

"ನೀವು ಮಾವನಿಗೆ ಹೇಳಿದ್ರಾ?" ಎಂದು ಕಾರಿನಲ್ಲಿ ಇದ್ದಕ್ಕಿದ್ದಂತೆ ಕೇಳಿದಳು. ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿದ. "ಏನನ್ನ?"

"ಬಾರ್ಲಿದು."

"ಹೇಳ್ದೆ ಅನ್ಸತ್ತೆ," ಅಂದ ಅವನು.

"ಹೇಳ್ದ, ಹೇಳ್ದ," ಅಂದರು ಮಾವ, ತಿರುಗದೆ. "ನಾನೇ, ಈ ಸುರುಳಿ ಮುಗೀಲಿ, ಮುಂದಿನದಕ್ಕೆ ಬದಲಾಯಿಸೋಣ ಅಂದೆ. ಈಗ ಯಾಕಮ್ಮ ಆ ಮಾತು? ಕಾರಲ್ಲಿ ಆಡಿದ್ದು ಕಾರಲ್ಲೇ ಇರಲಿ." ವಕೀಲರು ಕಿಟಕಿಯ ಹೊರಗೆ ನೋಡತೊಡಗಿದರು, ತಮಗೆ ಕಿವಿ ಇಲ್ಲ ಅನ್ನುವ ಹಾಗೆ. ಮೂವರಿಗೂ ಗೊತ್ತಿತ್ತು. ಮರೆತವಳು ಮಾತ್ರ ಅವಳು.

ಆಹಾರ ಇಲಾಖೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಮೊಗಸಾಲೆ, ಎರಡೂ ಬದಿಗೆ ಬೆಂಚು, ಗೋಡೆಯಲ್ಲಿ ಜನ ತಲೆ ಒರಗಿಸಿ ಒರಗಿಸಿ ಆದ ಎಣ್ಣೆಯ ಕಲೆಗಳು. ಗಂಡ ಕಾರು ನಿಲ್ಲಿಸಲು ಹೋದ. ಮಾವನೂ ವಕೀಲರೂ ಒಳಗೆ ಗುಮಾಸ್ತನನ್ನು ಮಾತಾಡಿಸಲು ಹೋದರು, ಮಾವನ ನಗು ಬಾಗಿಲಿನಾಚೆ ಕೇಳಿತು. ಅವಳು ಒಂದು ಕಲೆಯ ಕೆಳಗೆ ಕೂತಳು. ಎದುರಿನ ಬೆಂಚಿನಲ್ಲಿ ಒಬ್ಬ ಎತ್ತರದ ಮನುಷ್ಯ. ಭುಜ ಅಗಲ, ಆದರೆ ಅಂಗಿ ಆ ಭುಜದಿಂದ ಮೊಳೆಗೆ ನೇತುಹಾಕಿದ ಹಾಗೆ ನೇತಾಡುತ್ತಿತ್ತು. ಬೆಲ್ಟಿಗೆ ಹೊಸದಾಗಿ ತೂತು ಕೊರೆದಿದ್ದು, ಮೊಳೆಯಲ್ಲಿ ಕೊರೆದದ್ದಿರಬೇಕು, ಅಂಚು ಹರಿದಿತ್ತು. ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಅವಳ ಹೆಸರನ್ನು ಹೇಳಿದ. ಬರೀ ಹೆಸರಲ್ಲ, ಅದರ ಮುಂದಿನ ಅಕ್ಷರ, ಹಿಂದಿನ ಡಿಗ್ರಿ, ಎಲ್ಲ ಸೇರಿಸಿ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. "ನೀವೇನಾ?"

"ಹೌದು."

"ನನಗೆ ಬಾಯಿಪಾಠ ಆಗ್ಬಿಟ್ಟಿದೆ. ತಿನ್ನುವಾಗ ಎದುರಿಗೆ ಏನಿದ್ರೂ ಓದೋದು ನನ್ನ ಚಾಳಿ. ದಿನಾ ಬೆಳಿಗ್ಗೆ ನಿಮ್ಮನ್ನೇ ಓದ್ತಿದ್ದೆ." ಅವನು ಈಜು ಕಲಿಸುವವನಂತೆ. ಚಿಕ್ಕಂದಿನಿಂದ ಗೋಧಿ, ಬಾರ್ಲಿ ಆಗುವುದಿಲ್ಲ. ಅವಳು ಅವನು ಕೂಗಾಡಲಿ ಎಂದು ಕಾದಳು. ಕೂಗಾಡಿದ್ದರೆ ತಾನೂ ಕೂಗಬಹುದಿತ್ತು. ಅವನ ದನಿ ಏರಲಿಲ್ಲ, ನೆರೆಮನೆಯವರ ಹತ್ತಿರ ಕಾಯಿಲೆ ಹೇಳಿಕೊಳ್ಳುವ ಹಾಗೆ ಹೇಳಿದ. "ಮೊದಮೊದಲು ಸುಸ್ತು. ಆಮೇಲೆ ತಿಂದಿದ್ದೆಲ್ಲ ನೀರು. ನನ್ನ ಹೆಂಡ್ತಿ ಮನೇಲಿದ್ದ ಡಬ್ಬ ಎಲ್ಲ ಖಾಲಿ ಮಾಡಿದ್ಲು. ಪಾತ್ರೆ ಬದಲಾಯಿಸಿದ್ಲು. ಗೋಡೆ ಬಣ್ಣದ ವಾಸನೆ ಇರಬಹುದು ಅಂತ ನನ್ನನ್ನ ವರಾಂಡದಲ್ಲಿ ಮಲಗಿಸಿದ್ಲು. ಪ್ಯಾಕೆಟ್ಟಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ ನೋಡಿ. ಡಾಕ್ಟ್ರು ಓದಿ ನೋಡಿ, ಅಕ್ಕಿ, ಜೋಳ, ಇನ್ನೇನಿಲ್ಲ, ಇದು ಕ್ಷೇಮ, ಬೇರೆಲ್ಲ ಬಿಟ್ಟು ಇದೊಂದೇ ತಿನ್ನಿ ಅಂದ್ರು. ಮೂರು ಹೊತ್ತೂ ಅದನ್ನೇ ತಿಂದೆ."

"ಆಮೇಲೆ?" ಅಂದಳು.

"ಆಮೇಲೇನು, ಆಸ್ಪತ್ರೆ. ಒಂದಿನ ಕೊಳದ ಕಟ್ಟೆ ಮೇಲೆ ಇಟ್ಟಿದ್ದ ಪ್ಯಾಕೆಟ್ಟು ನೀರಿಗೆ ಬಿತ್ತು. ಸ್ಟಿಕ್ಕರ್ ಬಿಟ್ಕೊಂಡು ತೇಲಿತು. ಕಲಿಯೋಕೆ ಬರ್ತಿದ್ದ ಒಬ್ಬರು ಎತ್ತಿಕೊಟ್ಟು, ಸಾರ್ ಇದರ ಕೆಳಗೇನೋ ಇದೆ ಅಂದ್ರು." ಅವನು ಬೆಲ್ಟನ್ನು ಸರಿಮಾಡಿಕೊಂಡ. "ಹೆಸರಿನ ಜೊತೆ ಅಷ್ಟೆಲ್ಲ ಓದು ಇತ್ತಲ್ಲ. ಓದಿದೋರು ನೋಡೇ ಇರ್ತಾರೆ ಅಂದ್ಕೊಂಡೆ. ಅಷ್ಟೇ."

ಪಂಕ್ತಿಯ ನಡುವೆ ನಿಂತು ನಕ್ಕವರ ಮೇಲೆ, ಬೀರುವಿನ ಮುಂದೆ ನಿಂತವರ ಮೇಲೆ ಸಿಟ್ಟು ಬಂದಾಗ ಅದಕ್ಕೊಂದು ಸುಖ ಇರುತ್ತಿತ್ತು. ಬಿಸಿನೀರು ಮೈಮೇಲೆ ಸುರಿದುಕೊಂಡ ಹಾಗೆ. ಈಗ ಬಂದ ಸಿಟ್ಟಿನಲ್ಲಿ ಆ ಸುಖವಿರಲಿಲ್ಲ. ಇವನು ಜಗತ್ತಿನಲ್ಲಿ ಅವಳ ಓದನ್ನು ನಂಬಿದ ಒಬ್ಬನೇ ಮನುಷ್ಯ. ನಂಬಿದ್ದಕ್ಕೆ ಬೆಲ್ಟಿಗೆ ತೂತು ಕೊರೆದುಕೊಂಡಿದ್ದಾನೆ.

ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲು, ಪಂಚಿಂಗ್ ಯಂತ್ರ, ಒಂದು ಕನ್ನಡಕದ ಡಬ್ಬಿ ಹೇರಿದ್ದರು. ಅಧಿಕಾರಿಗೆ ನೆಗಡಿ. ಬಾಯಲ್ಲಿ ಕೆಮ್ಮಿನ ಗುಳಿಗೆ ಇಟ್ಟುಕೊಂಡು ಮಾತಾಡುತ್ತಿದ್ದರು, ಅದು ಹಲ್ಲಿಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು. ಗುಮಾಸ್ತ ಬೆರಳಚ್ಚಿಗೆ ಸಿದ್ಧನಾಗಿ ಕೂತಿದ್ದ. ಈಜಿನವನು ಬಾಗಿಲ ಬಳಿಯ ಕುರ್ಚಿಯಲ್ಲಿ, ಕಾರು ನಿಲ್ಲಿಸಿ ಬಂದ ಗಂಡ ಮಾವನ ಪಕ್ಕ. "ಸ್ಟಿಕ್ಕರಿನ ಮಾತುಗಳನ್ನು ಒಪ್ಪಿ ಸಹಿ ಹಾಕಿದವರು ನೀವೇನಾ? ಹಾಗಾದರೆ ಎಚ್ಚರಿಕೆಯ ಚೌಕವನ್ನು ಮುಚ್ಚಿದ್ದು ಹೇಗೆ?" ಎಂದು ಅಧಿಕಾರಿ ಕೇಳುವಷ್ಟರಲ್ಲೇ ವಕೀಲರು ಎದ್ದುನಿಂತು, "ಸ್ವಾಮಿ, ಇದೊಂದು ಸೂಕ್ಷ್ಮ ವಿಷಯ," ಎಂದು ಶುರುಮಾಡಿದರು. "ಆ ಅವಧಿಯಲ್ಲಿ ನನ್ನ ಕಕ್ಷಿದಾರರಿಗೆ ಗರ್ಭಪಾತವಾಗಿತ್ತು. ಮನಸ್ಸು ಕುಗ್ಗಿತ್ತು. ಮನೆಯವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೂ..."

ಗುಮಾಸ್ತನ ಬೆರಳು ನಿಂತಿತು. ಅವನು ತಲೆಯೆತ್ತಿ ಅವಳ ಮುಖವನ್ನಲ್ಲ, ಹೊಟ್ಟೆಯನ್ನು ನೋಡಿದ. ಅಧಿಕಾರಿ ನೋಟ ತಪ್ಪಿಸಿ ಕಾಗದದ ಮೇಲಿನ ಕಲ್ಲನ್ನು ಸರಿಸಿದರು. ವಕೀಲರು ಹೇಳಿದ್ದು ನಿಜ, ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಬಾಗಿಲ ಬಳಿಯವನು ಕೂಡ, ಪಾಪ, ಎಂದು ತನ್ನ ಖಾಲಿ ಅಂಗಿಯೊಳಗಿನಿಂದ ಅವಳನ್ನು ಕನಿಕರದಿಂದ ನೋಡುತ್ತಿದ್ದ. ಆ ಕನಿಕರವೇ ಅವಳಿಗೆ ತಡೆಯಲಾಗಲಿಲ್ಲ.

"ಸುಳ್ಳು," ಅಂದಳು.

"ಕೂತ್ಕೊಳ್ಳಮ್ಮ," ಅಂದರು ಮಾವ.

"ಅದು ಹೋದ ವರ್ಷ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಮರೆತಿಲ್ಲ ನಾನು. ಸ್ಟಿಕ್ಕರ್ ಕಿತ್ತು ನೋಡ್ದೆ. ಬಾರ್ಲಿ ಇರೋದು ಓದ್ದೆ. ವಾಪಸ್ ಅಂಟಿಸ್ದೆ. ಇವರು ಆಸ್ಪತ್ರೆ ಸೇರೋಕಿಂತ ಎಷ್ಟೋ ಮೊದಲು ನನಗೆ ಗೊತ್ತಿತ್ತು."

ಗುಳಿಗೆ ಟಕ್ಕೆಂದಿತು. ಅಧಿಕಾರಿ ಒಳ್ಳೆಯ ಮನುಷ್ಯ, ಅವಳ ಕಡೆಗೆ ಬಾಗಿ ದನಿ ತಗ್ಗಿಸಿದರು. "ಯೋಚನೆ ಮಾಡಿ ಹೇಳಿ. ನೀವು ಗಾಬರಿಯಲ್ಲಿದ್ದೀರಿ. ನೋಡೋಣ ಅಂದ್ಕೊಂಡ್ರಿ, ಕೆಲಸದ ಗಡಿಬಿಡೀಲಿ ಮರೆತ್ರಿ. ಹಾಗೆ ಬರ್ಕೊಳ್ಲಾ?"

"ಬೇಡ. ಗೊತ್ತಿತ್ತು ಅಂತ ಬರೀರಿ. ಮನೇಲಿ ಇವರಿಗೆ ಹೇಳಿದ್ದೆ." ಅವಳು ಗಂಡನ ಕಡೆ ಕೈ ತೋರಿಸಿದಳು. ಎಲ್ಲರೆದುರು ಅವನಿಗೆ ಬೆರಳು ತೋರಿಸಿದ್ದು ಅದೇ ಮೊದಲು. "ಒಂದೇ ಸಲ ಹೇಳ್ದೆ. ಮತ್ತೆ ಹೇಳಲಿಲ್ಲ. ಅದನ್ನೂ ಬರೀರಿ."

"ಹೇಳಿದ್ರಾ ಇವರು?" ಎಂದು ಅಧಿಕಾರಿ ಗಂಡನನ್ನು ಕೇಳಿದರು. ಅವನು ಅಪ್ಪನನ್ನು ನೋಡಿದ. ಅಪ್ಪ ಫ್ಯಾನನ್ನು ನೋಡುತ್ತಿದ್ದರು. "ನೆನಪಿಲ್ಲ ಸಾರ್," ಅಂದ.

"ಸರಿ ಹೋಯ್ತು," ಅಂದರು ಅಧಿಕಾರಿ, ಮೂಗು ಒರೆಸಿಕೊಳ್ಳುತ್ತ. "ನಿಮ್ಮ ಮನೆಯಲ್ಲಿ ಒಬ್ಬರಾದರೂ ಮರೀಲೇಬೇಕು ಅಂತ ಕಾಣತ್ತೆ. ಅವರು ಆಗಲ್ಲ ಅಂದ್ರೆ ನೀವು." ಗುಮಾಸ್ತ ನಗು ತಡೆದುಕೊಂಡು ಕೆಮ್ಮಿದ. ಅವಳಿಗೆ ನಗು ಬರಲಿಲ್ಲ. ಹಗುರವಾಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಈಜಿನವನ ಮುಖದಿಂದ ಕನಿಕರ ಇಳಿದುಹೋಗಿತ್ತು. ಅವನು ಈಗ ಅವಳನ್ನು ನೋಡಬೇಕಾದ ಹಾಗೆ ನೋಡುತ್ತಿದ್ದ, ಕಲ್ಲಿನಂಥ ಕಣ್ಣು, ದವಡೆ ಬಿಗಿದು. ಅವಳು ಆ ನೋಟವನ್ನು ತಪ್ಪಿಸಲಿಲ್ಲ.

ಆಮೇಲೆ ಅಧಿಕಾರಿ ಹೇಳುತ್ತ ಹೋದರು, ಗುಮಾಸ್ತ ಬಡಿಯುತ್ತ ಹೋದ. ಲೈಸೆನ್ಸು ಅಮಾನತು. ಅಂಗಡಿಗಳಿಂದ ಪ್ರತಿ ಪ್ಯಾಕೆಟ್ಟೂ ವಾಪಸ್ಸು. ವಾಪಸ್ಸು ಬಂದದ್ದನ್ನು ಬಿಚ್ಚಿ, ನೋಡಿ, ನಾಶ ಮಾಡಿಸುವ ಕೆಲಸ ಹೊಣೆಗಾರರದ್ದೇ. ಅವರು ಗೋಡೌನಿನಲ್ಲಿ ಖುದ್ದು ನಿಂತಿರಬೇಕು, ಅವರ ಮಾತಿಲ್ಲದೆ ಒಂದು ಕಾಳು ಒಳಗೆ ಬರಬಾರದು, ಹೊರಗೆ ಹೋಗಬಾರದು, ಮಾಲೀಕರಾದರೂ ಅಷ್ಟೇ. ಎಲ್ಲ ಮುಗಿದ ದಿನ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು. "ಅರ್ಥ ಆಯ್ತಾ? ಇದು ಮುಗಿದ ಮೇಲೆ ನೀವು ಈ ಕೆಲಸ ಎಲ್ಲೂ ಮಾಡೋಹಾಗಿಲ್ಲ," ಅಂದರು. ಅವಳು ತಲೆಯಾಡಿಸಿದಳು. ಓದಿದ್ದಕ್ಕೆ ಸಿಕ್ಕ ಮೊದಲ ಕೆಲಸ. ಕೊನೆಯದೂ ಅದೇ.

ಇಲಾಖೆಯ ಜೀಪಿನಲ್ಲಿ ಇನ್ಸ್‌ಪೆಕ್ಟರನ ಪಕ್ಕ ಅವಳು ಕೂತಳು. ಮೆಟ್ಟಿಲಿಳಿಯುವಾಗ ಗಂಡ ತೋಳು ಹಿಡಿದು, "ಏನ್ ಮಾಡ್ದೆ ನೀನು? ಏನ್ ಸಿಕ್ತು ನಿನಗೆ?" ಅಂದಿದ್ದ. "ಏನೂ ಸಿಗಲಿಲ್ಲ. ಬಿಡು," ಎಂದು ಅವಳು, ಮೆಟ್ಟಿಲ ಮೇಲೆ ಮಾವ ಇದ್ದರೂ, ಏಕವಚನದಲ್ಲೇ ಹೇಳಿ ಕೈ ಬಿಡಿಸಿಕೊಂಡಿದ್ದಳು. ಮಾವ ಮೊದಲ ಬಾರಿಗೆ ಹೊಟ್ಟೆಯ ಮೇಲೆ ಕೈಯಿಡದೆ, "ಉಂಡ ಮನೆಗೆ ಎರಡು ಬಗೆದ್ಯಲ್ಲೇ," ಅಂದರು. ಬಡಿಸಿದವಳು ನಾನು ಎಂದು ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಹೇಳಬೇಕಾದ ಮಾತುಗಳು ಅವಳಿಗೆ ಯಾವಾಗಲೂ ಮೆಟ್ಟಿಲು ಇಳಿದ ಮೇಲೆಯೇ ಸಿದ್ಧವಾಗುತ್ತಿದ್ದವು. ಈಗ ಮಾ‌ವನ ಕಾರು ಜೀಪಿನ ಹಿಂದೆ ಹಿಂದೆ ಬರುತ್ತಿತ್ತು, ಹಾರ್ನು ಹಾಕದೆ.

ಗೋಡೌನು ಊರಾಚೆಯ ಲಾರಿ ರಸ್ತೆಯಲ್ಲಿ, ಟೈರು ಅಂಗಡಿಯ ಹಿಂದೆ. ತಗಡಿನ ಚಾವಣಿ, ಅರ್ಧ ಎತ್ತಿದ ಶಟರು. ಬಗ್ಗಿ ಒಳಗೆ ಹೋದಳು. ಹಿಟ್ಟಿನ, ರಟ್ಟಿನ, ಅಂಟಿನ ವಾಸನೆ. ಗೋಡೆಯ ಬುಡದಲ್ಲಿ ತೇವ ಏರಿ ಸುಣ್ಣ ಉಬ್ಬಿತ್ತು, ಅದನ್ನು ನೋಡಿ ಒಂದು ಕ್ಷಣ ಅಳು ಬರುವಷ್ಟು ಸಿಟ್ಟು ಬಂತು. ಎತ್ತರಕ್ಕೆ ಪೇರಿಸಿದ ಹಳದಿ ಪೆಟ್ಟಿಗೆಗಳ ನಡುವೆ ಉದ್ದ ಮೇಜು, ಸುತ್ತ ಏಳೆಂಟು ಹೆಂಗಸರು. ಬೆರಳುಗಳು ಸುರುಳಿಯಿಂದ ಸ್ಟಿಕ್ಕರ್ ಕಿತ್ತು, ನೋಡದೆ, ಮಾತಾಡುತ್ತಲೇ, ಬಲಗಡೆಯ ಕೆಳಗಿನ ಮೂಲೆಗೆ ಒತ್ತುತ್ತಿದ್ದವು. ಒತ್ತುತ್ತಿದ್ದದ್ದು ಅದೇ ಹಳೆಯ ಸುರುಳಿ. ಇವತ್ತೂ. ವಿಚಾರಣೆಯ ದಿನವೂ. ಯಾರೋ ಸೊಸೆಯ ಮೇಲೆ ಏನೋ ಜೋಕು ಹೇಳಿದ್ದರು, ನಗು ಇನ್ನೂ ಮೇಜಿನ ಸುತ್ತ ಓಡುತ್ತಿತ್ತು. ತುದಿಯಲ್ಲಿ ಕೂತಿದ್ದ, ಕೈಗೆ ಹಿಟ್ಟು ಮೆತ್ತಿದ, ಮೇಸ್ತ್ರಿಯೆಂದು ನೋಡಿದರೇ ತಿಳಿಯುವ ಹೆಂಗಸು ತಲೆಯೆತ್ತಿ ಬೂದಿ ಬಣ್ಣದ ಬಟ್ಟೆ, ಕೆದರಿದ ಕೂದಲು ನೋಡಿದಳು. "ಕೆಲಸ ಇಲ್ಲಮ್ಮ ಇಲ್ಲಿ. ಮುಂದಿನ ತಿಂಗಳು ಬಾ."

"ಕೆಲಸಕ್ಕಲ್ಲ. ಅಂಟಿಸೋದು ನಿಲ್ಸಿ."

"ಯಾರು ನೀನು, ನಿಲ್ಸು ಅನ್ನೋಕೆ?"

ಅವಳು ತನ್ನ ಹೆಸರು ಹೇಳಿದಳು. ಮೇಸ್ತ್ರಿ ಕೈಯಲ್ಲಿದ್ದ ಸ್ಟಿಕ್ಕರನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸಿ ಓದಿ, ಅವಳ ಮುಖ ನೋಡಿ, ಮತ್ತೆ ಓದಿದಳು. ಪಕ್ಕದವಳಿಗೆ ತೋರಿಸಿದಳು. "ಅಯ್ಯೋ, ಇದು ನೀವೇನಾ? ನಾವು ಇದು ಯಜಮಾನ್ರ ಮನೇಲಿ ಸತ್ತುಹೋದ ಯಾರೋ ಅಜ್ಜಿ ಹೆಸರು ಅಂದ್ಕೊಂಡಿದ್ವಿ. ಅಂಗಡಿಗೆ, ಲಾರಿಗೆ ಎಲ್ಲ ಹಾಕಿಸ್ತಾರಲ್ಲ, ಹಾಗೆ." ಮೇಜಿನ ಸುತ್ತ ಮತ್ತೆ ನಗು ಎದ್ದಿತು, ಕೆಟ್ಟ ನಗುವಲ್ಲ. ಶಟರಿನ ಆಚೆ ಮಾವನ ಚಪ್ಪಲಿಗಳು ಕಾಣುತ್ತಿದ್ದವು. ಇನ್ಸ್‌ಪೆಕ್ಟರು ಅವರಿಗೆ, ಮೇಡಂ ಹೇಳೋವರೆಗೆ ಹೊರಗೇ ನಿಲ್ಲಿ ಅನ್ನುತ್ತಿದ್ದ.

"ಸತ್ತಿಲ್ಲ," ಅಂದಳು ಅವಳು, ಬಟ್ಟೆಯ ತೋಳನ್ನು ಮೇಲಕ್ಕೆ ಮಡಿಸಿ. "ಮೊದಲನೇ ಪೆಟ್ಟಿಗೆ ಇಳಿಸಿ. ಎಲ್ಲ ಬಿಚ್ಚಬೇಕು."